ಸಾಕುವುದು, ಕಲಿಸುವುದು

ಕೂಸನ್ನು ಸಾಕುವುದು ಒಂದು ಧರ್ಮ, ಅದಕ್ಕೆ ಕಲಿಸುವುದು ಇನ್ನೊಂದು. ಎರಡರ ನಡುವಿನ ಗೆರೆ ಎಲ್ಲಿ ಎಂಬುದು ಹಳೆಯ ಪ್ರಶ್ನೆ. ಸಂಸ್ಕಾರಗಳ ಸಾಲಿನಲ್ಲಿ ಅನ್ನಪ್ರಾಶನ ಆರನೆಯ ತಿಂಗಳಿಗೆ, ಅಕ್ಷರಾಭ್ಯಾಸ ಸುಮಾರು ಐದನೆಯ ವರ್ಷಕ್ಕೆ. ನಡುವಿನ ಕಾಲ ತಾಯಿಯದು. ತೈತ್ತಿರೀಯ ಉಪನಿಷತ್ತು ಕೂಡ ತಾಯಿ, ತಂದೆಯರ ನಂತರವೇ ಆಚಾರ್ಯನನ್ನು ಹೆಸರಿಸುತ್ತದೆ.

ಸರ್ಕಾರವೂ ಇಂಥದೇ ಗೆರೆ ಎಳೆದಿದೆ. ರಾಜ್ಯದ 2023-24ರ ಬಜೆಟ್‌ನಲ್ಲಿ ಘೋಷಣೆಯಾದ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆದದ್ದು ನರೇಗಾ (ಉದ್ಯೋಗ ಖಾತರಿ) ಕೂಲಿಗೆ ಹೋಗುವ ತಾಯಂದಿರ ಎಳೆಮಕ್ಕಳಿಗಾಗಿ. ಅಲ್ಲಿಯ ಕೆಲಸ ಊಟ, ನಿದ್ದೆ, ಕಾವಲು. 3ರಿಂದ 6 ವರ್ಷದವರಿಗೆ ಅಂಗನವಾಡಿಯಲ್ಲಿ ಶಾಲಾಪೂರ್ವ ಶಿಕ್ಷಣ, ಅಂದರೆ ಹಾಡು, ಬಣ್ಣ, ಎಣಿಕೆ.

ಕಾಗದದ ಮೇಲೆ ಸ್ಪಷ್ಟವಾದ ಈ ಗೆರೆ ಹೊಲದಲ್ಲಿ ಅಳಿಸಿಹೋಗುತ್ತದೆ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಮುರಿಯುವಾಗ, ಕೆ.ಆರ್. ನಗರದಲ್ಲಿ ಭತ್ತದ ನಾಟಿಯ ಹೊತ್ತಿನಲ್ಲಿ ತಾಯಿಗೆ ಮೊದಲು ಬೇಕಾದ್ದು ಕೂಸನ್ನು ನೋಡಿಕೊಳ್ಳುವವರು. ಅಕ್ಷರದ ಮಾತು ಆಮೇಲೆ. ಎಚ್.ಡಿ. ಕೋಟೆಯ ಜೇನುಕುರುಬರ ಹಾಡಿಗಳಲ್ಲಿ ಹಿರಿಯರ ಹಿಂದೆ ಓಡಾಡುತ್ತಲೇ ಮಗು ಗೆಡ್ಡೆ, ಸೊಪ್ಪು, ಜೇನಿನ ಗುರುತು ಹಿಡಿಯುತ್ತದೆ. ಇದು ಸಾಕಣೆಯೋ, ವಿದ್ಯೆಯೋ? ಸ್ಲೇಟಿಲ್ಲವೆಂದು ವಿದ್ಯೆಯಲ್ಲ ಎನ್ನುವುದು ಅವಸರದ ಮಾತು. ಮೂರು ವರ್ಷದ ಮಗುವಿಗೆ ಎಲ್‌ಕೆಜಿ ಯೂನಿಫಾರ್ಮು ತೊಡಿಸುವ ಅವಸರವೂ ಅದೇ ಬಗೆಯದು.