ಏರಿಸಿದ ನೀರಿನ ಋಣ

ವರ್ಷವೆಲ್ಲವೂ ಹರಿಯತಕ್ಕ ಹೊಳೆಯಿಲ್ಲದ ಕ್ಯಾಸಂಬಳ್ಳಿಯ ಸೀಮೆಯಲ್ಲಿ ನೀರನ್ನು ಮೇಲಕ್ಕೆತ್ತುವ ಕಷ್ಟವನ್ನು ಅರಿಯದ ಮನೆತನವಿಲ್ಲ. ಹಿಂದೆ ಕಪಿಲೆಯ ಬಾವಿಯಲ್ಲಿ ಎತ್ತುಗಳು ಇಳಿಜಾರಿನಲ್ಲಿ ನಡೆದಂತೆ ತೊಗಲಿನ ಚೀಲವು ತುಂಬಿ ಮೇಲಕ್ಕೆ ಬರುತ್ತಿದ್ದಿತು. ಅದರಲ್ಲಿ ಒಂದಂಶವು ಸೋರಿ ಬಾವಿಗೇ ಮರಳುತ್ತಿದ್ದಿತು. ಆ ನಷ್ಟಕ್ಕಂಜಿ ಕಪಿಲೆಯನ್ನು ತೊರೆದ ರೈತನಿಲ್ಲ. ನಷ್ಟವಾಗುವುದೆಂದು ತಿಳಿದೂ ಆಚರಿಸುವ ಕರ್ಮವು ಯಾವಾಗ ಧರ್ಮ್ಯವೆನಿಸುತ್ತದೆ? ಈ ಹಳೆಯ ಪ್ರಶ್ನೆಯು ಈಗ ಬೃಹದ್ರೂಪವನ್ನು ತಾಳಿ ಬಂದಿದೆ.

ಶರಾವತೀ ಕಣಿವೆಯಲ್ಲಿ ಕರ್ನಾಟಕ ವಿದ್ಯುತ್ ನಿಗಮವು ಯೋಜಿಸಿರುವ 2000 ಮೆಗಾವಾಟಿನ ಸ್ಥಾವರವೇ ಆ ರೂಪ. ಮೇಲೆ ತಲಕಳಲೆಯ ಜಲಾಶಯ, ಕೆಳಗೆ ಗೇರುಸೊಪ್ಪೆಯ ಜಲಾಶಯ. ಎರಡನ್ನೂ ಕೂಡಿಸುವುದಕ್ಕೆ ಬೆಟ್ಟದೊಳಗೆ ಸುರಂಗಗಳು, ಇಳಿಜಾರಿನ ಉಕ್ಕಿನ ಕೊಳವೆಗಳು, ನೆಲದಡಿಯಲ್ಲಿ ಯಂತ್ರಶಾಲೆ. ಅಲ್ಲಿಯ ಚಕ್ರವು ಒಂದು ಕಡೆಗೆ ತಿರುಗಿದರೆ ನೀರನ್ನು ಮೇಲಕ್ಕೆ ತಳ್ಳುತ್ತದೆ. ಮರಳಿ ತಿರುಗಿದರೆ ಅದೇ ನೀರಿನಿಂದ ವಿದ್ಯುತ್ತು ಹುಟ್ಟುತ್ತದೆ. ಆದರೆ ಇಂತಹ ಯಂತ್ರಗಳಲ್ಲಿ ಏರಿಸುವುದಕ್ಕೆ ನೂರು ಪಾಲು ಶಕ್ತಿಯನ್ನು ವ್ಯಯಿಸಿದರೆ ಹಿಂದಕ್ಕೆ ಬರುವುದು ಸುಮಾರು ಎಪ್ಪತ್ತೈದರಿಂದ ಎಂಬತ್ತು ಪಾಲು ಮಾತ್ರ.

ಇದು ಅವಿವೇಕವೆಂದು ಆತುರದಿಂದ ನಿರ್ಣಯಿಸಲಾಗದು. ಪಾವಗಡದಂತಹ ಸೌರಕ್ಷೇತ್ರಗಳಲ್ಲಿ ಮಧ್ಯಾಹ್ನ ವಿದ್ಯುತ್ತು ಯಥೇಚ್ಛವಾಗಿರುತ್ತದೆ. ದೀಪ ಹಚ್ಚುವ ಸಂಜೆಗೆ ಅದು ಇರುವುದಿಲ್ಲ. ಹಸಿದಾಗ ದೊರೆತ ಹಿಡಿ ಅನ್ನವು ಉಂಡಮೇಲೆ ಬಂದ ಭಕ್ಷ್ಯಕ್ಕಿಂತ ಮೇಲಲ್ಲವೆ? ಸಕಾಲಕ್ಕೆ ಒದಗುವುದೇ ಸಂಗ್ರಹದ ಪ್ರಯೋಜನ. ಆದಕಾರಣ ನಷ್ಟವಾದ ಇಪ್ಪತ್ತೈದು ಪಾಲಿನಲ್ಲಿ ದೋಷವಿಲ್ಲ. ಅದು ಕಾಲಕ್ಕೆ ತೆತ್ತ ಬೆಲೆ.

ಹಾಗಾದರೆ ದೋಷವು ಸಂಭವಿಸುವುದೆಲ್ಲಿ? ಇದಕ್ಕೆ ಉತ್ತರವು ಕ್ಯಾಸಂಬಳ್ಳಿಗೆ ಸಮೀಪದ ಚಿನ್ನದ ಗಣಿಗಳ ಚರಿತ್ರೆಯಲ್ಲಿಯೇ ಇದೆ. 1902ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಉದ್ಯಮದ ಫಲವಾಗಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರ ತಂತಿಯ ಮೇಲೆ ನಡೆದು ಆ ಗಣಿಗಳನ್ನು ಸೇರಿತು. ಬೆಂಗಳೂರಿನ ಬೀದಿಗಳಿಗೆ ಅದು ಬಂದದ್ದು 1905ರಲ್ಲಿ. ಅದು ನಾಡಿಗೆ ಕೀರ್ತಿಯನ್ನು ತಂದ ಮಹಾಕಾರ್ಯವೆಂಬುದು ನಿಸ್ಸಂಶಯ. ಆದರೆ ಹಾದಿಯ ಹಳ್ಳಿಗಳ ನೆತ್ತಿಯ ಮೇಲೆ ತಂತಿಯು ಹಾದುಹೋಯಿತು. ಕೆಳಗಣ ಗುಡಿಸಲುಗಳಲ್ಲಿ ಎಣ್ಣೆಯ ಹಣತೆಯೇ ಉರಿಯುತ್ತಿದ್ದಿತು. ಯಾವ ಗಣಿಗಳಿಗಾಗಿ ಇಷ್ಟೆಲ್ಲ ನಡೆಯಿತೋ ಅವು 2001ರಲ್ಲಿ ಮುಚ್ಚಿದುವು. ಪ್ರಯೋಜನವು ಕಾಲಾಧೀನ, ಅದಕ್ಕಾಗಿ ತೆತ್ತದ್ದು ಮಾತ್ರ ತೆತ್ತದ್ದೇ.

ಶರಾವತಿಯಲ್ಲಿಯೂ ಇದನ್ನೇ ವಿಚಾರಿಸತಕ್ಕದ್ದು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯ ಅಣೆಕಟ್ಟಿನಿಂದ ಅನೇಕ ಗ್ರಾಮಗಳು ಮುಳುಗಿದುವು. ನೆಲೆ ತಪ್ಪಿದ ಕುಟುಂಬಗಳಲ್ಲಿ ಎಷ್ಟೋ ಮಂದಿಗೆ ತಾವು ಉಳುವ ಭೂಮಿಯ ಹಕ್ಕುಪತ್ರದ ಚಿಂತೆಯು ಎರಡು ತಲೆಮಾರು ಕಳೆದರೂ ತೀರಲಿಲ್ಲ. ಹೊಸ ಸುರಂಗಗಳು ಹಾಯಬೇಕಾದ ಅಡವಿಯು ಸಿಂಗಳೀಕಗಳ ಅಭಯಾರಣ್ಯ. ಮನುಷ್ಯನು ಪರಿಹಾರವನ್ನು ಕೇಳಿಯಾನು; ಸಿಂಗಳೀಕವು ಯಾವ ಕಚೇರಿಗೆ ಅರ್ಜಿ ಬರೆಯಬೇಕು? ಹಳೆಯ ಎರಡು ಜಲಾಶಯಗಳನ್ನೇ ಬಳಸಿಕೊಳ್ಳುವುದರಿಂದ ಹೊಸದಾಗಿ ಮುಳುಗುವ ನೆಲವು ಅತ್ಯಲ್ಪವೆಂಬ ಸಮಾಧಾನವು ಸುಳ್ಳಲ್ಲ. ಅಷ್ಟರಿಂದಲೇ ಹಳೆಯ ಋಣವು ತೀರಿತೆನ್ನುವುದು ಮಾತ್ರ ನ್ಯಾಯವಲ್ಲ.

ಕಪಿಲೆಯಲ್ಲಿ ಎತ್ತುಗಳನ್ನು ಹೊಡೆದವನೂ, ಸೋರಿದ ನೀರಿಗಾಗಿ ಮರುಗಿದವನೂ, ಕೊನೆಗೆ ಬೆಳೆಯನ್ನು ಉಂಡವನೂ ಒಂದೇ ಮನೆಯವರು. ಬೃಹದ್ಯಂತ್ರಗಳಲ್ಲಿ ತೆರುವವನು ಒಬ್ಬ, ಉಣ್ಣುವವನು ಮತ್ತೊಬ್ಬ; ಇವನು ಅವನ ಮುಖವನ್ನು ಸಹ ಕಂಡವನಲ್ಲ. ನಷ್ಟದಿಂದ ಯಾವ ಕರ್ಮವೂ ಅಧರ್ಮವಾಗದು. ನಷ್ಟವನ್ನು ಹೊತ್ತವನನ್ನು ಮರೆತಾಗ ಆಗುತ್ತದೆ. ಕೋಲಾರ ಸೀಮೆಯ ಕೆರೆಗಳಲ್ಲಿ ನೀರಗಂಟಿಯು ಕೊನೆಯ ಗದ್ದೆಗೂ ನೀರು ಮುಟ್ಟುವಂತೆ ನೋಡಬೇಕಾಗಿದ್ದಿತು. ಬೆಟ್ಟದ ಮೇಲಕ್ಕೆ ನೀರನ್ನು ಏರಿಸುವವರೂ ನೀರಗಂಟಿಗಳೇ. ಸಂಜೆ ಗುಂಡಿಯನ್ನೊತ್ತಿ ದೀಪ ಹಚ್ಚುವ ಗೃಹಸ್ಥನು ಆ ಬೆಳಕು ಯಾರ ನೆಲದಿಂದ ಬಂದಿತೆಂದು ಒಮ್ಮೆ ಕೇಳಿಕೊಂಡರೆ ಋಣಪರಿಹಾರಕ್ಕೆ ಅದೇ ಮೊದಲ ಮೆಟ್ಟಿಲು.