ಇಚ್ಛಾಪರಿಮಾಣವೂ ಯುವಕನ ಆಕಾಂಕ್ಷೆಯೂ

ಜಯಲಕ್ಷ್ಮಿಪುರಂನ ಕಾಳಿದಾಸ ರಸ್ತೆಯ ಸಮೀಪದಲ್ಲಿ ವಾಸವಾಗಿರುವ ಪರಿಚಿತರೊಬ್ಬರು ಈಚೆಗೆ ನನ್ನ ಅಂಗಡಿಗೆ ಬಂದು ಮನೆಯ ಸಮಸ್ಯೆಯೊಂದನ್ನು ಮುಂದಿಟ್ಟರು. ಅವರ ಹದಿನೆಂಟರ ಮಗ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ವಿದೇಶದಲ್ಲಿ ಓದಬೇಕು, ಅಲ್ಲಿಯೇ ಆಟವನ್ನೂ ಮುಂದುವರಿಸಬೇಕು ಎಂಬುದು ಅವನ ಹಂಬಲ. ಅದಕ್ಕಾಗಿ ಮನೆಪತ್ರವನ್ನು ಬ್ಯಾಂಕಿನಲ್ಲಿ ಅಡವಿಡಲು ತಂದೆ ಸಿದ್ಧರಿದ್ದಾರೆ. ಓದುತ್ತಿರುವ ಮಗಳೊಬ್ಬಳೂ ಇದ್ದಾಳೆ. "ತಾವು ಹಿರಿಯರು. ಎರಡರಲ್ಲಿ ಯಾವುದನ್ನು ಬಿಡು ಎನ್ನಲಿ?" ಎಂದು ಕೇಳಿದರು.

ಎರಡು ದೋಣಿಗಳಲ್ಲಿ ಕಾಲಿಡಬಾರದೆಂಬುದು ಲೋಕದ ಮಾತು. ಆದರೆ ಗೃಹಸ್ಥನ ಐದನೆಯ ಅಣುವ್ರತಕ್ಕೆ ನಮ್ಮ ಹಿರಿಯರು ಇಚ್ಛಾಪರಿಮಾಣವೆಂದೂ ಹೆಸರಿಟ್ಟಿದ್ದಾರೆ. ಅದು ಗೃಹಸ್ಥನಿಗೆ ಇಚ್ಛೆಯೇ ಕೂಡದೆನ್ನುವುದಿಲ್ಲ. ಇಚ್ಛೆಗೆ ಅಳತೆಯಿರಲಿ ಎನ್ನುತ್ತದೆ. ಆದುದರಿಂದ ಆಸೆಗಳು ಎಷ್ಟು ಎಂಬುದಕ್ಕಿಂತ ಅವುಗಳ ಎಲ್ಲೆ ಯಾವುದು ಎಂಬುದೇ ಇಲ್ಲಿ ವಿಚಾರಣೀಯ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫುಟ್‌ಬಾಲ್ ತಂಡದ ನಾಯಕರಾಗಿದ್ದ ತಾಲಿಮೆರೆನ್ ಆವೊ ಅವರು ಕಲ್ಕತ್ತೆಯಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿದ್ದರು. ಎರಡನ್ನೂ ಕೆಲಕಾಲ ನಡೆಸಿದ ಅವರು, 1950ರಲ್ಲಿ ಪದವಿ ಪಡೆದ ಮೇಲೆ ವೈದ್ಯವೃತ್ತಿಯನ್ನೇ ಆರಿಸಿಕೊಂಡು, ಮುಂದೆ ನಾಗಾಲ್ಯಾಂಡಿನ ಆರೋಗ್ಯ ಸೇವೆಗಳ ನಿರ್ದೇಶಕರಾದರು. ಇನ್ನೊಂದು ನಿದರ್ಶನ ಗೋಲ್‌ಕೀಪರ್ ಅದಿತಿ ಚೌಹಾಣ್ ಅವರದು. ಇಂಗ್ಲೆಂಡಿನ ಲಫ್‌ಬರೊ ವಿಶ್ವವಿದ್ಯಾನಿಲಯದಲ್ಲಿ ಕ್ರೀಡಾ ನಿರ್ವಹಣೆಯನ್ನು ಓದಿದ ಆಕೆ 2015ರಲ್ಲಿ ವೆಸ್ಟ್ ಹ್ಯಾಮ್ ಮಹಿಳಾ ತಂಡವನ್ನು ಸೇರಿದರು. ಒಬ್ಬರು ಕಾಲ ಬಂದಾಗ ಒಂದನ್ನು ಬಿಟ್ಟರು; ಇನ್ನೊಬ್ಬರು ಎರಡನ್ನೂ ಜೊತೆಗೆ ನಡೆಸಿದರು. ಇಬ್ಬರಲ್ಲಿ ಯಾರೂ ತಪ್ಪಿದರೆಂದು ಹೇಳಲಾಗದು.

ಗೋಲ್‌ಕೀಪರನ ಸ್ಥಿತಿಯಲ್ಲಿ ಒಂದು ವಿಶೇಷವುಂಟು. ತಂಡದಲ್ಲಿ ಅವನಿಗಿರುವುದು ಒಂದೇ ಸ್ಥಾನ. 1948ರಲ್ಲಿ ಕೆ. ವಿ. ವರದರಾಜ್ ಮತ್ತು ಸಂಜೀವ ಉಚ್ಚಿಲ ಎಂಬಿಬ್ಬರು ಗೋಲ್‌ಕೀಪರರು ಲಂಡನ್ನಿಗೆ ಹೋದರು. ಫ್ರಾನ್ಸಿನ ಎದುರು ಕಂಬಗಳ ನಡುವೆ ನಿಂತವರು ವರದರಾಜ್ ಒಬ್ಬರೇ. ಶ್ರಮಪಟ್ಟೂ ಕಾಯಬೇಕಾದ ಪಾಲು ಇನ್ನೊಬ್ಬರದು. ಆದರೆ ಗೋಲ್‌ಕೀಪರರು ಸಾಮಾನ್ಯವಾಗಿ ಉಳಿದ ಆಟಗಾರರಿಗಿಂತ ತಡವಾಗಿ ಪಕ್ವವಾಗುತ್ತಾರೆ, ಹೆಚ್ಚು ವರ್ಷ ಆಡುತ್ತಾರೆ. ಆದ್ದರಿಂದ ಓದಿಗೆ ಕೊಟ್ಟ ಮೂರು-ನಾಲ್ಕು ವರ್ಷ ಅವನಿಗೆ ನಷ್ಟವಾಗಲೇಬೇಕೆಂದಿಲ್ಲ. ಅಮೆರಿಕೆಯ ಕಾಲೇಜು ಕ್ರೀಡಾ ಸಂಸ್ಥೆಯಂತೂ ನಿಗದಿತ ಅಂಕಗಳಿಲ್ಲದವನನ್ನು ಪಂದ್ಯಕ್ಕೆ ಇಳಿಯಗೊಡುವುದೇ ಇಲ್ಲ. ಅಲ್ಲಿ ಓದು ಆಟದ ವೈರಿಯಲ್ಲ, ಅದರ ಷರತ್ತು.

ಹಾಗಾದರೆ ದೋಷವೆಲ್ಲಿ? ವರ್ತಕನಾದ ನನಗೆ ಅದು ಖರ್ಚಿನ ಕಲಮಿನಲ್ಲಿ ಕಾಣುತ್ತದೆ. ಆಸೆ ಒಬ್ಬನದು, ಖರ್ಚು ಇನ್ನೊಬ್ಬರ ಹೆಸರಿನಲ್ಲಿ ಎಂದಾದರೆ ಆ ಲೆಕ್ಕ ಶುದ್ಧವಲ್ಲ. ತಂದೆಯ ಮನೆ, ತಂಗಿಯ ಓದು ಇವು ಅವನ ಸ್ವಂತ ಬಂಡವಾಳವಲ್ಲ. ತಾನು ಸೋತರೆ ತಾನೇ ತೆರಬಹುದಾದಷ್ಟನ್ನು ಮಾತ್ರ ಅವನು ಪಣಕ್ಕಿಡಬಹುದು. ಪ್ರೀತಿಯಿಂದ ಕೊಡಲು ಬಂದ ತಂದೆಗೂ ಇದೇ ನಿಯಮ. ಮಗಳ ಪಾಲನ್ನು ಮಗನಿಗೆ ಸುರಿಯುವುದು ಔದಾರ್ಯವೆನಿಸದು.

ಹುಡುಗನನ್ನು ಕರೆಸಿ, ಯಾವುದನ್ನೂ ಬಿಡಬೇಡವೆಂದೆ. ಎಷ್ಟು ವರ್ಷ, ಎಷ್ಟು ಹಣ, ಎಲ್ಲಿ ನಿಲ್ಲಿಸುವೆ ಎಂದು ಹೊರಡುವ ಮೊದಲೇ ಬರೆದುಕೊಡು ಎಂದೆ. ಮೂರು ದಿನಗಳ ಬಳಿಕ ಕಾಗದ ತಂದ. ವರ್ಷ ನಾಲ್ಕೆಂದು ಬರೆದಿದ್ದ. ಹಣದ ಜಾಗ ಖಾಲಿಯಿತ್ತು. "ತಂಗಿಯನ್ನೂ ಕೂರಿಸಿಕೊಂಡು ಬರೆಯಬೇಕಲ್ಲವೇ, ಅಂಕಲ್?" ಎಂದ. ಇನ್ನೂ ಅವರು ಕುಳಿತಿಲ್ಲ. ಕೂರುವವರೆಗೂ ಮನೆಪತ್ರ ಬೀರುವಿನಲ್ಲಿಯೇ ಇರಲೆಂದು ತಂದೆಗೆ ಹೇಳಿದ್ದೇನೆ.