ಒಂದೆಲಗದಲ್ಲಿ ಜೀವ ಎಷ್ಟು?

ಅಡಿಕೆ ತೋಟದ ಕಾಲುವೆ ಬದಿಯಲ್ಲಿ ಒಂದೆಲಗದ ಬಳ್ಳಿ ಹಸಿ ಮಣ್ಣಿಗೆ ಅಂಟಿಕೊಂಡೇ ಹರಿಯುತ್ತದೆ. ಗೆಣ್ಣು ಗೆಣ್ಣಿಗೂ ಕೆಳಗೆ ಬೇರು, ಮೇಲೆ ದುಂಡನೆಯ ಎಲೆ. ನಡುವೆ ಕಡಿದರೆ ಎರಡು ಕಡೆಯೂ ಬದುಕುತ್ತದೆ. ಹಾಗಾದರೆ ಕಡಿಯುವ ಮುಂಚೆ ಅಲ್ಲಿದ್ದದ್ದು ಒಂದು ಜೀವವೋ, ಎರಡೋ? ತಂಬುಳಿಗೆಂದು ಹಿಡಿ ಸೊಪ್ಪು ಕೊಯ್ದವರು ಕೊಂದದ್ದು ಎಷ್ಟನ್ನು? ಇದು ತಲೆಹರಟೆ ಅನ್ನಿಸಬಹುದು. ಆದರೆ ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರವೆಂಬ ಜೈನ ಗ್ರಂಥದಲ್ಲಿ ಇಂಥದ್ದನ್ನು ಗಂಭೀರವಾಗಿಯೇ ವಿಚಾರಿಸಿದ್ದಾರೆ. ಬೇರು, ತುದಿ, ಗೆಣ್ಣು, ಗೆಡ್ಡೆ ಎಂದು ಸಸ್ಯ ಹುಟ್ಟುವ ಬಗೆಗಳನ್ನು ವಿಂಗಡಿಸಿ, ಒಂದು ದೇಹಕ್ಕೆ ಒಂದೇ ಜೀವವಿದ್ದರೆ ಪ್ರತ್ಯೇಕ, ಅನಂತ ಜೀವಗಳು ಒಂದೇ ದೇಹ ಹಂಚಿಕೊಂಡಿದ್ದರೆ ಸಾಧಾರಣ ಎನ್ನುತ್ತಾರೆ. ಕಡಿದರೂ ಚಿಗುರುವುದು ಸಾಧಾರಣದ ಒಂದು ಗುರುತು. ನರ, ಸಂದು ಕಾಣದಿರುವುದು ಇನ್ನೊಂದು. ಒಂದೆಲಗ ಕಡಿದರೆ ಚಿಗುರುತ್ತದೆ. ಆದರೆ ಎಲೆಯನ್ನು ಬೆಳಕಿಗೆ ಹಿಡಿದರೆ ತೊಟ್ಟಿನಿಂದ ಬೀಸಣಿಗೆಯಂತೆ ಹರಡಿದ ನರಗಳು ಎದ್ದು ಕಾಣುತ್ತವೆ.

ಲೆಕ್ಕ ಇಲ್ಲಿ ಕೈಕೊಡುತ್ತದೆ. ಕೈಕೊಟ್ಟರೂ ಅಹಿಂಸೆಗೆ ಕುಂದಿಲ್ಲ ಎಂಬುದೇ ನನ್ನ ವಾದ. ಶ್ವೇತಾಂಬರ ಆಗಮವಾದ ಸೂತ್ರಕೃತಾಂಗದಲ್ಲಿ ಹಸ್ತಿತಾಪಸರು ಬರುತ್ತಾರೆ: ವರ್ಷಕ್ಕೊಂದು ಆನೆ ಕೊಂದು ತಿಂದರೆ ಎಷ್ಟೋ ಜೀವಗಳು ಉಳಿಯುತ್ತವೆ ಎಂಬ ಗಣಿತ ಅವರದು. ಅವರೊಡನೆ ವಾದಿಸುವ ಮುನಿ ಆರ್ದ್ರಕ ಅದನ್ನು ಒಪ್ಪುವುದಿಲ್ಲ. ವರ್ಷಕ್ಕೊಂದೇ ಆದರೂ ದೋಷ ತಪ್ಪದು. ತತ್ತ್ವಾರ್ಥಸೂತ್ರವಂತೂ ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ, ಪ್ರಾಣಕ್ಕೆ ಕುತ್ತು ತರುವುದೇ ಹಿಂಸೆ ಎನ್ನುತ್ತದೆ. ತಲೆ ಎಣಿಸುವ ಮಾತೇ ಅಲ್ಲಿಲ್ಲ.

ಸಸ್ಯಕ್ಕೆ ನರಮಂಡಲವೇ ಇಲ್ಲ, ನೋವೆಲ್ಲಿಂದ ಎಂದು ಕೇಳಬಹುದು. ನೋವೊಂದೇ ಅಳತೆಯಾದರೆ ಎಲೆ ಚಿವುಟುವುದೂ ಪಾತಿಗೆ ಪಾತಿಯನ್ನೇ ಕಿತ್ತೆಸೆಯುವುದೂ ಒಂದೇ ಆಗಬೇಕು. ಒಂದರಲ್ಲಿ ಗಿಡ ಉಳಿಯುತ್ತದೆ, ಇನ್ನೊಂದರಲ್ಲಿ ಇಲ್ಲ. ಜೈನರೂ ಮನುಷ್ಯನಿಗೆ ಹತ್ತು ಪ್ರಾಣ (ಜೀವಶಕ್ತಿ), ಸಸ್ಯಕ್ಕೆ ನಾಲ್ಕು ಎಂದು ಅಂತರ ಒಪ್ಪಿದವರೇ. ಇದಕ್ಕಿಂತ ಗಟ್ಟಿ ಆಕ್ಷೇಪ ಇನ್ನೊಂದಿದೆ: ಎಚ್ಚರವೇ ಸಾಕೆಂದರೆ ಯಾರು ಏನು ಮಾಡಿಯೂ ಎಚ್ಚರದಿಂದಲೇ ಮಾಡಿದೆ ಎನ್ನಬಹುದಲ್ಲ? ಮನಸ್ಸಿನೊಳಗಿನ ಎಚ್ಚರವಾದರೆ ಹೌದು. ಒಂದೆಲಗದ ವಿಷಯದಲ್ಲಿ ಅದು ಕೈಯಲ್ಲೇ ಕಾಣುತ್ತದೆ. ತೊಟ್ಟು ಚಿವುಟಿದರೆ ಗೆಣ್ಣು ಮಣ್ಣಲ್ಲೇ ಉಳಿದು ಮತ್ತೆ ಎಲೆ ಬಿಡುತ್ತದೆ. ಅವಸರಕ್ಕೆ ಬಳ್ಳಿ ಎಳೆದರೆ ಬೇರೂ ಬರುತ್ತದೆ, ಅದರ ಜೊತೆ ಮಣ್ಣಿನ ಹುಳುವೂ. ಮಳೆಗಾಲದ ಚಾತುರ್ಮಾಸದಲ್ಲಿ ಅನೇಕ ಜೈನರು ಸೊಪ್ಪು ಬಿಡುವುದಕ್ಕೂ ಎಲೆಗಿಂತ ಅದರ ಮೇಲಿನ ಸೂಕ್ಷ್ಮ ಜೀವಿಗಳೇ ಮುಖ್ಯ ಕಾರಣ. ಒಂದೆಲಗ ಹುಲುಸಾಗಿ ಹಬ್ಬುವುದೂ ಆ ಮಳೆಯಲ್ಲೇ. ರುಚಿ ಎಳೆಯುವ ಹೊತ್ತಿಗೇ ಬಿಡು ಎನ್ನುವ ಈ ಕಟ್ಟಳೆಯನ್ನು ಬರೀ ಆಚಾರವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.